ಬಂದರಿನಲ್ಲಿ ಒಂದು ಹಗಲು

ಕೇಳುಗರಿಗೆ ನಮಸ್ಕಾರ. ದೀರ್ಘ ಸಾಗರಯಾನಕ್ಕೆ ಹೊರಟಿರುವ ಹಿರಿಯರಿಗೆ, ಬಹುಕಾಲ ಪ್ರಯಾಣಿಕರ ಹಡಗುಗಳಲ್ಲಿ ದುಡಿದ ನಾನು ಹೇಳುವುದು ಒಂದೇ ಮಾತು: ಹಡಗು ಬಂದರು ಸೇರಿದ ದಿನ ಒಂದೇ ಕೆಲಸ ಇಟ್ಟುಕೊಳ್ಳಿ.

ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗಲ್ಲಿನ ಮಡೈರಾ ದ್ವೀಪದ ಫುಂಚಾಲ್ ಬಂದರನ್ನೇ ನೋಡಿ. ಯುರೋಪಿನಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗುವ ಅನೇಕ ಹಡಗುಗಳು ಇಲ್ಲೊಂದು ಹಗಲು ತಂಗುತ್ತವೆ. ಮುಂದೆ ಸುಮಾರು ಒಂದು ವಾರ ನೆಲವೇ ಕಾಣದು. ಹಡಗು ದಕ್ಕೆಗೇ ತಾಗಿ ನಿಲ್ಲುವುದರಿಂದ ವಾಹನದ ಹಂಗಿಲ್ಲದೆ ಅರ್ಧ ಗಂಟೆಯೊಳಗೆ ಊರ ನಡುವೆ ನಡೆದು ಹೋಗಬಹುದು.

ಒಮ್ಮೆ ಧಾರವಾಡದ ಕಡೆಯ ನಿವೃತ್ತ ದಂಪತಿ ನಮ್ಮ ಹಡಗಿನಲ್ಲಿದ್ದರು. ಯಜಮಾನರ ಕೈಯಲ್ಲಿ ಪಟ್ಟಿ: ಬೆಳಿಗ್ಗೆ 580 ಮೀಟರ್ ಎತ್ತರದ ಕಾಬೊ ಜಿರಾವ್ ಕಡಲಬಂಡೆ, ಆಮೇಲೆ ತಂತಿ ತೊಟ್ಟಿಲಲ್ಲಿ ಮೊಂಟೆ ಬೆಟ್ಟ, ಅಲ್ಲಿಂದ ಒಣಹುಲ್ಲಿನ ಟೋಪಿ ಧರಿಸಿದ ಇಬ್ಬರು ಹಿಡಿದು ಜಾರಿಸುವ ಬೆತ್ತದ ಜಾರುಬಂಡಿಯಲ್ಲಿ ಸುಮಾರು 2 ಕಿಲೋಮೀಟರ್ ಇಳಿಜಾರು, ಸಂಜೆಗೆ ವೈನಿನ ಉಗ್ರಾಣ. ಅವರ ಶ್ರೀಮತಿಯವರು ಮಾತ್ರ, "ನೀವು ಹೋಗಿ ಬರ್ರಿ, ನಾ ಸಂತಿ ನೋಡ್ತೀನಿ," ಎಂದು 1940ರಲ್ಲಿ ತೆರೆದ ರೈತರ ಮಾರುಕಟ್ಟೆಗೆ ನಡೆದೇ ಹೋದರು. ಅಲ್ಲಿ 'ಅನೋನಾ' ಎಂಬ ಹಣ್ಣನ್ನು ಕಂಡು, ಇದು ನಮ್ಮ ಸೀತಾಫಲದ ಬಳಗವೇ ಎಂದು ಗುರುತಿಸಿ, ಭಾಷೆಯೇ ತಿಳಿಯದ ಮಾರುವವಳೊಡನೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿದರಂತೆ. ಆಮೇಲೆ ಮೀನಿನ ಅಂಗಳಕ್ಕಿಳಿದು, ಬಹು ಆಳದ ನೀರಿನಿಂದ ಉದ್ದನೆಯ ಗಾಳದಲ್ಲಿ ಎಳೆದ 'ಎಸ್ಪಾದಾ' ಎಂಬ ಕಪ್ಪು ಮೀನುಗಳನ್ನು, ತಾವು ಶುದ್ಧ ಸಸ್ಯಾಹಾರಿಯಾಗಿದ್ದರೂ, ಮೂಗಿಗೆ ಸೆರಗು ಹಿಡಿದುಕೊಂಡೇ ಬೆರಗಿನಿಂದ ನೋಡಿದರಂತೆ. ಮಧ್ಯಾಹ್ನ ಹಡಗಿಗೆ ಮರಳಿ, ಜನರಿಲ್ಲದ ಮೇಲಟ್ಟದಲ್ಲಿ ಕಾಲು ಚಾಚಿ ಮಲಗಿದರು. ಬಂದರಿನ ದಿನ ಹಡಗು ಎಷ್ಟು ಖಾಲಿ ಇರುತ್ತದೆಂಬುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ! ರಾತ್ರಿ ಊಟದ ಮೇಜಿನಲ್ಲಿ ಎಲ್ಲರೂ ಕೇಳಿದ್ದು ಆಕೆಯ ಮಾತನ್ನು, ಯಜಮಾನರು ತೂಕಡಿಸುತ್ತಿದ್ದರು.

ಹಾಗಾಗಿ ಮತ್ತೆ ಹೇಳುತ್ತೇನೆ, ಒಂದೇ ಕೆಲಸ. ಹಣ ಕೊಟ್ಟಿದ್ದೇವೆ, ಎಲ್ಲವನ್ನೂ ನೋಡಲೇಬೇಕೆಂಬ ಹಟ ದಯವಿಟ್ಟು ಬೇಡ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದುದನ್ನು ಚುಟುಕಾಗಿ ಹೇಳುತ್ತೇನೆ. ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆಯಾಗಿರಬಹುದು. ಮರಳುವ ವೇಳೆಯನ್ನು ಹಡಗಿನ ಗಡಿಯಾರದಂತೆಯೇ ಲೆಕ್ಕಹಾಕಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗಾಗಿ ಕಾಯುವುದಿಲ್ಲ. ಗುರುತಿನ ಕಾರ್ಡು ಜೇಬಿನಲ್ಲಿರಲಿ, ಕಾಲಿಗೆ ಹಳೆಯ ಚಪ್ಪಲಿಯೇ ಇರಲಿ. ನಮಸ್ಕಾರ.