ದೊಡ್ಡಪ್ಪನ ಫೋನ್ ಯಾವಾಗಲೂ ಬ್ಯುಸಿ ಯಾಕೆ? ಮಂಡ್ಯ ವ್ಲಾಗ್

ನಮಸ್ಕಾರ, ಹೇಗಿದ್ದೀರಿ? ಶಾಟ್ ಅಲ್ಲಾಡುತ್ತಿದೆ ಅಂತ ಬೈಯಬೇಡಿ, ಅಲ್ಲಾಡುತ್ತಿರುವುದು ರೈಲು. ನಾಗನಹಳ್ಳಿ ದಾಟಿದ್ದೇವೆ. ಮಂಡ್ಯದಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ದೊಡ್ಡಪ್ಪನ ಊರಿಗೆ ಹೋಗಬೇಕು. ಕೆಲಸ ಏನಪ್ಪಾ ಅಂದರೆ ಫೋನ್ ರಿಪೇರಿ. ಹಾಗಂತ ಫೋನ್ ಏನೂ ಕೆಟ್ಟಿಲ್ಲ. ನಾನು ಮಾಡಿದರೆ ಸಿಗುತ್ತಾರೆ, ನಮ್ಮಪ್ಪ ಮಾಡಿದರೂ ಸಿಗುತ್ತಾರೆ. ಹೊರಗಿನವರು ಯಾರೇ ಮಾಡಲಿ, ‘ಬೇರೆ ಕರೆಯಲ್ಲಿ ನಿರತರಾಗಿದ್ದಾರೆ’ ಅಂತ ಬರುತ್ತದಂತೆ. ದೊಡ್ಡಪ್ಪ ಎದುರಿಗೆ ಕೂತರೇ ಮಾತಾಡುವುದಿಲ್ಲ, ಇನ್ನು ಫೋನಿನಲ್ಲಿ ಇಡೀ ದಿನ ನಿರತರಾಗಿರುತ್ತಾರಾ?

ಕಾವೇರಿ ಬಂತು ನೋಡಿ, ಶ್ರೀರಂಗಪಟ್ಟಣ. ನೀರು ಚೆನ್ನಾಗಿದೆ. ಎಷ್ಟು ಸಲ ನೋಡಿದರೂ ಈ ಸೇತುವೆ ಬಂದಾಗ ಇಡೀ ಬೋಗಿಯೇ ಕಿಟಕಿಗೆ ತಿರುಗುತ್ತದೆ. ಇದು ನನ್ನ ಕೈಯಲ್ಲಿರುವ ವಡೆ. ಈರುಳ್ಳಿ ಇದೆ, ಗರಿಗರಿ ಇಲ್ಲ. ಬೆಲೆ ಮಾತ್ರ ಗರಿಗರಿಯಾಗಿಯೇ ಇದೆ. ರೈಲಿನಲ್ಲಿ ವಡೆ ತಿನ್ನಲೇಬೇಕು ಅನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸರಿ, ಇನ್ನೊಂದು ತಗೊಂಡೆ. ವಿಷಯಕ್ಕೆ ಬರೋಣ.

ಬ್ಲಾಕ್ ಅನ್ನೋದನ್ನು ನಾವೆಲ್ಲ ಮಾಡುತ್ತೇವೆ. ಮೈಸೂರಿನಲ್ಲಿದ್ದರೆ ಮಾಡಲೇಬೇಕು. ಬೋಗಾದಿ ಕಡೆ ಸೈಟ್, ನಂಜನಗೂಡು ರಸ್ತೆಯಲ್ಲಿ ಸೈಟ್, ‘ಸುಮ್ನೆ ಬಂದು ನೋಡಿ ಸರ್, ಗಾಡಿ ನಾವೇ ಕಳಿಸುತ್ತೇವೆ’. ಕೊಳ್ಳೋಕೆ ದುಡ್ಡಿಲ್ಲ ಅಂದರೆ ಹತ್ತು ನಿಮಿಷಕ್ಕೆ ಸಾಲ ಕೊಡುವವರ ಕರೆ ಬರುತ್ತದೆ. ಇಬ್ಬರೂ ಅಕ್ಕಪಕ್ಕ ಕೂತಿರುತ್ತಾರೇನೋ ಅಂತ ನನಗೆ ಗುಮಾನಿ. ಬ್ಲಾಕ್ ಒತ್ತುತ್ತೇವೆ, ನೆಮ್ಮದಿ ಅಂದುಕೊಳ್ಳುತ್ತೇವೆ. ಒತ್ತಿದ ಮೇಲೆ ಆ ಕಡೆಯವರಿಗೆ ಏನಾಗುತ್ತದೆ ಅಂತ ಯಾರೂ ಯೋಚನೆ ಮಾಡುವುದಿಲ್ಲ.

ಆಗುವುದು ಇಷ್ಟು. ಬ್ಲಾಕ್ ಇರುವುದು ನಿಮ್ಮ ಫೋನಿನ ಒಳಗೆ. ಸಿಮ್‌ನಲ್ಲಿ ಅಲ್ಲ, ಟವರ್‌ನಲ್ಲಿ ಅಲ್ಲ, ಕಂಪನಿಯ ಹತ್ತಿರವೂ ಅಲ್ಲ. ನೆಟ್‌ವರ್ಕ್‌ಗೆ ನಿಮ್ಮ ಜಗಳ ಗೊತ್ತಿಲ್ಲ. ಅದು ಪೋಸ್ಟ್‌ಮನ್ ಥರ ಕರೆಯನ್ನು ನಿಮ್ಮ ಬಾಗಿಲವರೆಗೂ ತಂದೇ ತರುತ್ತದೆ. ಬಂದ ನಂಬರನ್ನು ಫೋನ್ ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಇದ್ದರೆ, ನಿಮಗೆ ಸದ್ದು ಕೇಳಿಸದ ಹಾಗೆ ‘ಬೇಡ’ ಅಂತ ವಾಪಸ್ ಕಳಿಸುತ್ತದೆ. ನೀವೇ ಕೆಂಪು ಗುಂಡಿ ಒತ್ತಿ ಕಟ್ ಮಾಡಿದರೂ ಹೋಗುವ ಸುದ್ದಿ ಹೆಚ್ಚು ಕಡಿಮೆ ಅದೇ. ಅದಕ್ಕೇ ಆ ಕಡೆಯವರಿಗೆ ಅರ್ಧ ರಿಂಗ್ ಕೇಳಿ ಕಟ್ ಆಗುತ್ತದೆ, ಅಥವಾ ‘ನಿರತರಾಗಿದ್ದಾರೆ’ ಅಂತ ಆ ಅಕ್ಕ ಹೇಳುತ್ತಾಳೆ. ಯಾವುದು ಅನ್ನೋದು ಫೋನ್ ಮೇಲೆ, ಕಂಪನಿ ಮೇಲೆ ಬದಲಾಗುತ್ತದೆ. ‘ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ’ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಕರೆ ಮಾಡುವವರ ಕಿವಿಗೆ ಕೇಳುವ ಟ್ರಿಣ್ ಟ್ರಿಣ್ ಇದೆಯಲ್ಲ, ಅದು ಆ ಕಡೆ ಫೋನ್ ಬಡಿದುಕೊಳ್ಳುವ ಸದ್ದಲ್ಲ. ನೆಟ್‌ವರ್ಕ್ ಹಾಕುವ ಸದ್ದು. ಅದರ ಜಾಗದಲ್ಲಿ ಹಾಡು ಹಾಕಿಸಿಕೊಳ್ಳುತ್ತಿದ್ದೆವಲ್ಲ, ಕಾಲರ್ ಟ್ಯೂನ್. ಹಾಗಾಗಿ ನಿಮಗೆ ರಿಂಗ್ ಕೇಳಿಸಿತು ಅಂದರೆ ಅವರಿಗೂ ಕೇಳಿಸಿತು ಅಂತ ಅರ್ಥ ಅಲ್ಲ. ಫೋನ್ ಸೈಲೆಂಟ್‌ನಲ್ಲಿದ್ದರೂ ನಿಮಗೆ ಪೂರ್ತಿ ರಿಂಗ್ ಹೋಗುತ್ತದೆ.

ಮಂಡ್ಯ. ಇಳಿಯಬೇಕು, ಆಮೇಲೆ ಸಿಗುತ್ತೇನೆ.

ಇದು ದೊಡ್ಡಪ್ಪನ ಮನೆ. ಹಸು ನಿಮಗೆ ಹಾಯ್ ಹೇಳುತ್ತಿಲ್ಲ, ಮೈಕ್ ನೆಕ್ಕೋಕೆ ಬರುತ್ತಿದೆ. ಹಿಂದೆ ಕಾಣುತ್ತಿರುವುದು ಕಬ್ಬು. ತುದಿಯಲ್ಲಿ ಬೆಳ್ಳಗೆ ಕುಚ್ಚು ಕುಚ್ಚು ಬಂದಿದೆಯಲ್ಲ, ಸೂಲಂಗಿ. ನೋಡೋಕೆ ಚೆಂದ, ನನ್ನ ಥಂಬ್‌ನೇಲ್‌ಗಂತೂ ಬಹಳ ಚೆಂದ. ರೈತನ ಮುಂದೆ ಚೆಂದ ಅಂದರೆ ಒದೆ ಬೀಳುತ್ತದೆ. ಸೂಲಂಗಿ ಬಂದ ಮೇಲೆ ಕಬ್ಬು ಬೆಳೆಯುವುದು ನಿಲ್ಲುತ್ತದೆ. ಕಡಿಯದೆ ಹಾಗೇ ಬಿಟ್ಟರೆ ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಕಾರ್ಖಾನೆಯವರು ದುಡ್ಡು ಕೊಡುವುದು ತೂಕಕ್ಕೆ.

ಹಾಗಾದರೆ ಇದು ಇನ್ನೂ ಗದ್ದೆಯಲ್ಲೇ ಯಾಕಿದೆ? ಇದೇ ಇವತ್ತಿನ ಕಥೆ.

ದೊಡ್ಡಪ್ಪನಿಗೆ ‘ಸಾಲ ಬೇಕಾ’ ಅಂತ ಕೇಳುವವರ ಕರೆ ಜಾಸ್ತಿಯಾಗಿತ್ತು. ಹಾಲು ಕರೆಯುವಾಗ, ಉಣ್ಣುವಾಗ, ಮಲಗಿದಾಗ. ರಜಕ್ಕೆ ಬಂದಿದ್ದ ಮೊಮ್ಮಗ ‘ತಾತ, ನಾನು ಸರಿ ಮಾಡ್ತೀನಿ’ ಅಂತ ಫೋನ್ ಇಸಿದುಕೊಂಡ. ಕರೆ ಮಾಡಿದವರ ಹೆಸರು ತೋರಿಸುವ ಒಂದು ಆ್ಯಪ್ ಹಾಕಿದ. ಅದರಲ್ಲಿ ‘ಕಾಂಟ್ಯಾಕ್ಟ್‌ನಲ್ಲಿ ಇಲ್ಲದ ಎಲ್ಲ ನಂಬರ್ ಬ್ಲಾಕ್’ ಅಂತ ಇತ್ತು, ಒತ್ತಿದ. ರಜ ಮುಗಿಯಿತು, ಊರಿಗೆ ಹೋದ. ದೊಡ್ಡಪ್ಪ ಖುಷಿಯಾಗಿದ್ದರು. ಹುಡುಗ ಭಾರೀ ಬುದ್ಧಿವಂತ ಅಂತ ಊರೆಲ್ಲ ಹೇಳಿದರಂತೆ.

ಅವರ ಫೋನಿನಲ್ಲಿ ಸೇವ್ ಆಗಿರುವ ನಂಬರ್ ಎಷ್ಟು ಗೊತ್ತಾ? ಒಂದು ಕೈ ಬೆರಳು ಸಾಕು. ಮಕ್ಕಳು, ನಮ್ಮಪ್ಪ, ನಾನು, ಹಸು ಡಾಕ್ಟರು. ಕಟಾವಿನ ಸರದಿ ತಿಳಿಸುವ ಕಾರ್ಖಾನೆಯ ಫೀಲ್ಡ್‌ಮನ್ ನಂಬರ್ ಇದೆ, ಆದರೆ ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ. ತೋರಿಸುತ್ತೇನೆ, ತಾಳಿ. ಇಲ್ಲ, ನಂಬರ್ ಕಾಣುತ್ತದೆ, ಬ್ಲರ್ ಮಾಡಬೇಕು. ಬೇಡ ಬಿಡಿ.

ಕಟಾವಿಗೆ ಆರ್ಡರ್ ಬಂತು. ಫೀಲ್ಡ್‌ಮನ್ ಫೋನ್ ಮಾಡಿದ, ಬ್ಯುಸಿ. ಕಬ್ಬು ಕಡಿಯುವ ಗ್ಯಾಂಗಿನ ಮೇಸ್ತ್ರಿ ಮಾಡಿದ, ಬ್ಯುಸಿ. ಲಾರಿಯವನು ಮಾಡಿದ, ಅವನಿಗೂ ಬ್ಯುಸಿ. ಮೂರು ಜನಕ್ಕೂ ಬ್ಯುಸಿ ಅಂದರೆ ಅವರು ಏನು ತಿಳಿಯಬೇಕು? ‘ಈ ಯಜಮಾನ ಆಲೆಮನೆಗೆ ಮಾತಾಡಿಕೊಂಡಿದ್ದಾನೆ, ಅದಕ್ಕೇ ನಮ್ಮ ಫೋನ್ ಕಟ್ ಮಾಡುತ್ತಿದ್ದಾನೆ.’ ಬೆಲ್ಲಕ್ಕೆ ರೇಟ್ ಬಂದಾಗ ಈ ಕಡೆ ಹಾಗೆ ಮಾಡುವವರು ಇದ್ದಾರೆ, ಅವರ ಅನುಮಾನ ತಪ್ಪು ಅನ್ನೋಕಾಗಲ್ಲ. ಗ್ಯಾಂಗ್ ಪಕ್ಕದೂರಿನ ಗದ್ದೆಗೆ ಹೋಯಿತು.

ಇತ್ತ ದೊಡ್ಡಪ್ಪ ಏನು ತಿಳಿದರು? ‘ನನ್ನ ಸರದಿ ಬೇಕಂತಲೇ ಹಾರಿಸವ್ರೆ, ಯಾರಿಗೋ ದುಡ್ಡು ಹೋಗೈತೆ.’ ಹೋಗಿ ಫೀಲ್ಡ್‌ಮನ್ ಜತೆ ಬೀದಿಯಲ್ಲಿ ಜಗಳ ಮಾಡಿದರು. ಅವನು ತನ್ನ ಫೋನ್ ತೆಗೆದು ‘ನೋಡಿ ಯಜಮಾನ್ರೇ, ಎಷ್ಟು ಸಲ ಮಾಡಿವ್ನಿ’ ಅಂತ ತೋರಿಸಿದ. ಇವರು ತಮ್ಮ ಫೋನ್ ತೆಗೆದು ‘ಎಲ್ಲೈತಪ್ಪಾ ನಿನ್ನ ಫೋನು, ಒಂದ್ ಮಿಸ್ಡ್ ಕಾಲೂ ಇಲ್ಲ’ ಅಂತ ತೋರಿಸಿದರು. ಇಬ್ಬರೂ ನಿಜ ಹೇಳುತ್ತಿದ್ದರು! ಅದು ನೋಡಿ ನನಗೆ ನಗು ಬರುವುದು, ಸಿಟ್ಟೂ ಬರುವುದು. ಊರವರು ಎರಡು ಪಾರ್ಟಿಯಾದರು. ದೊಡ್ಡಮ್ಮ ಮಾತ್ರ ‘ಫೋನ್ಗೆ ಏನೋ ಆಗೈತೆ, ಆ ಹೈದಂಗೆ ತೋರಿಸಿ’ ಅಂದರು. ಆ ಹೈದ ನಾನು.

ನಾನು ಬಂದು ಮಾಡಿದ್ದು ಇಷ್ಟೇ, ವಿಡಿಯೋದಲ್ಲಿದೆ. ಸಿಮ್ ತೆಗೆದು ಹಳೇ ಕೀಪ್ಯಾಡ್ ಫೋನಿಗೆ ಹಾಕಿದೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ರಿಂಗ್ ಆಯಿತು. ಯಾರು ಹೇಳಿ? ಪರ್ಸನಲ್ ಲೋನ್! ದೊಡ್ಡಪ್ಪ ಮುಖ ನೋಡಬೇಕಿತ್ತು ನೀವು. ‘ಬಂತಲ್ಲೋ ಶನಿ’ ಅಂದರು. ಸಿಮ್ ಬೇರೆ ಫೋನಿಗೆ ಹೋಯಿತು, ಬ್ಲಾಕ್ ಪಟ್ಟಿ ಹಳೇ ಜಾಗದಲ್ಲೇ ಉಳಿಯಿತು, ಅದಕ್ಕೇ ಕರೆ ಬಂತು. ಆಮೇಲೆ ಆ್ಯಪ್ ಒಳಗೆ ಹುಡುಕಿದರೆ ಬ್ಲಾಕ್ ಆದ ಕರೆಗಳ ಪಟ್ಟಿ ಬೇರೆಯೇ ಇತ್ತು. ಫೀಲ್ಡ್‌ಮನ್, ಮೇಸ್ತ್ರಿ, ಬ್ಯಾಂಕು, ಎಲ್ಲರೂ ಅಲ್ಲಿ ಸಾಲಾಗಿ ಕೂತಿದ್ದರು.

‘ಅಲ್ಲಾ ಕಣ್ಲಾ ಮಗ, ಬಾಗ್ಲು ಹಾಕಿದ್ರೆ ಹಾಕಿವ್ನಿ ಅಂತ ಹೇಳ್ಬೇಕು ತಾನೆ ಅದು?’ ಅಂತ ದೊಡ್ಡಪ್ಪ ಕೇಳಿದರು. ಬಹಳ ಸರಿಯಾದ ಪ್ರಶ್ನೆ. ಹೇಳದೇ ಇರುವುದಕ್ಕೂ ಕಾರಣ ಇದೆ. ಕಾಟ ಕೊಡುವವನಿಂದ ತಪ್ಪಿಸಿಕೊಳ್ಳೋಕೆ ಒಂದು ಹುಡುಗಿ ಬ್ಲಾಕ್ ಮಾಡಿರುತ್ತಾಳೆ ಅಂತಿಟ್ಟುಕೊಳ್ಳಿ. ‘ನಿನ್ನನ್ನು ಬ್ಲಾಕ್ ಮಾಡಿದ್ದಾಳೆ’ ಅಂತ ಅವನಿಗೆ ಸುದ್ದಿ ಹೋದರೆ ಮನೆ ಮುಂದೆ ಬಂದು ನಿಲ್ಲುತ್ತಾನೆ. ವಾಟ್ಸ್ಆ್ಯಪ್‌ನವರು ಇದನ್ನು ಬಾಯಿಬಿಟ್ಟೇ ಹೇಳುತ್ತಾರೆ, ಬ್ಲಾಕ್ ಮಾಡಿದವರ ಖಾಸಗಿತನ ಕಾಪಾಡೋಕೆ ಬೇಕಂತಲೇ ಅಸ್ಪಷ್ಟವಾಗಿ ಇಟ್ಟಿದ್ದೇವೆ ಅಂತ. ಅಲ್ಲಿ ಒಂದೇ ಟಿಕ್ ನಿಲ್ಲುತ್ತದೆ, ಲಾಸ್ಟ್ ಸೀನ್ ಕಾಣುವುದಿಲ್ಲ, ಕರೆ ಹೋಗುವುದಿಲ್ಲ. ಅವರ ಡೇಟಾ ಆಫ್ ಇದ್ದರೂ ಒಂದೇ ಟಿಕ್ ತಾನೇ? ಇನ್ನೊಂದು ನೆನಪಿಡಿ, ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡಿದರೆ ಮಾಮೂಲಿ ಕರೆ ನಿಲ್ಲುವುದಿಲ್ಲ. ಮಾಮೂಲಿ ಕರೆ ಬ್ಲಾಕ್ ಮಾಡಿದರೆ ವಾಟ್ಸ್ಆ್ಯಪ್ ನಿಲ್ಲುವುದಿಲ್ಲ. ಎರಡೂ ಬೇರೆ ಬೇರೆ.

ನನ್ನನ್ನು ಬ್ಲಾಕ್ ಮಾಡಿದ್ದಾರಾ ಅಂತ ತಿಳಿಯುವುದು ಹೇಗೆ ಅಂತ ನೀವು ಕೇಳುತ್ತಲೇ ಇರುತ್ತೀರಿ. ಖಚಿತವಾಗಿ ತಿಳಿಯೋಕೆ ಆಗಲ್ಲ. ‘ಸ್ವಿಚ್ ಆಫ್’, ‘ವ್ಯಾಪ್ತಿ ಪ್ರದೇಶದ ಹೊರಗೆ’ ಅಂತ ಬಂದರೆ ಸಾಮಾನ್ಯವಾಗಿ ಬ್ಲಾಕ್ ಅಲ್ಲ, ಆ ಫೋನ್ ನೆಟ್‌ವರ್ಕ್‌ಗೆ ಸಿಗುತ್ತಿಲ್ಲ ಅಷ್ಟೇ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವಾಗ ಮಾಡಿದರೂ ಅರ್ಧ ರಿಂಗಿಗೆ ಬ್ಯುಸಿ, ಪಕ್ಕದವರ ಫೋನಿಂದ ಮಾಡಿದರೆ ಸಲೀಸಾಗಿ ರಿಂಗ್ ಆಗುತ್ತದೆ ಅಂದರೆ, ಬ್ಲಾಕ್ ಇರಬಹುದು. ಆ ಪಕ್ಕದವರ ಫೋನಿಂದ ಮಾತಾಡೋಕೆ ಹೋಗಬೇಡಿ. ಬೇಡ ಅಂದವರನ್ನು ಬಿಟ್ಟುಬಿಡಿ.

ದೊಡ್ಡಪ್ಪನ ಫೋನಿನಲ್ಲಿ ಆ ಆ್ಯಪ್ ಕಿತ್ತು ಹಾಕಿದೆ. ಕಾಂಟ್ಯಾಕ್ಟ್‌ನಲ್ಲಿ ಇಲ್ಲದವರನ್ನೆಲ್ಲ ಬ್ಲಾಕ್ ಮಾಡುವುದು ಶುದ್ಧ ದಂಡ, ನನ್ನ ಅಭಿಪ್ರಾಯ. ಆಂಡ್ರಾಯ್ಡ್ ಫೋನ್‌ಗಳ ಸ್ವಂತ ಸೆಟ್ಟಿಂಗ್‌ನಲ್ಲೂ ‘ಅಪರಿಚಿತ ಕರೆ ಬ್ಲಾಕ್’ ಅಂತ ಇರುತ್ತದೆ. ಬಹಳ ಫೋನ್‌ಗಳಲ್ಲಿ ಅದರ ಅರ್ಥ ನಂಬರೇ ಕಾಣಿಸದ ಕರೆ ಅಂತ, ಸೇವ್ ಮಾಡದ ನಂಬರ್ ಅಂತ ಅಲ್ಲ. ಅದನ್ನು ಹಾಕಿಕೊಂಡರೆ ತೊಂದರೆಯಿಲ್ಲ. ಇನ್ನು ಆಂಡ್ರಾಯ್ಡ್‌ನಲ್ಲಿ ನನಗೆ ಮೆಚ್ಚುಗೆಯಾದ ಒಂದು ಸಂಗತಿ ಇದೆ. ನೀವು 112ಕ್ಕೆ ಕರೆ ಮಾಡಿದರೆ, ಫೋನಿನ ಸ್ವಂತ ಬ್ಲಾಕ್ ಸಾಮಾನ್ಯವಾಗಿ 48 ಗಂಟೆ ತಾನಾಗಿಯೇ ನಿಲ್ಲುತ್ತದೆ. ಆಂಬುಲೆನ್ಸ್‌ನವರು, ಪೊಲೀಸರು ಯಾವ ನಂಬರಿನಿಂದ ವಾಪಸ್ ಮಾಡುತ್ತಾರೋ ಗೊತ್ತಿಲ್ಲವಲ್ಲ.

ಸಾಲದವರಿಗೆ ಬೇರೆ ಮದ್ದು. 1909ಕ್ಕೆ START 0 ಅಂತ, ಅಂದರೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’, ಜಾಗ ಬಿಟ್ಟು ಸೊನ್ನೆ, ಮೆಸೇಜ್ ಕಳಿಸಿದೆ. ಇದು ಡಿಎನ್‌ಡಿ, ‘ಡು ನಾಟ್ ಡಿಸ್ಟರ್ಬ್’, ಅಂದರೆ ಮಾರಾಟದ ಕರೆ ನನಗೆ ಬೇಡ ಅಂತ ಹೇಳಿಡುವುದು. 2007ರಿಂದ ಬೇರೆ ಬೇರೆ ರೂಪದಲ್ಲಿ ಇದೆ, ಈಗಿನ ನಿಯಮ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲಿ ತಂದದ್ದು. ಇದು ಕಂಪನಿಯ ಮಟ್ಟದಲ್ಲಿ ನಡೆಯುವ ಕೆಲಸ, ಆದ್ದರಿಂದ ಫೋನ್ ಬದಲಿಸಿದರೂ ನಂಬರಿನ ಜತೆ ಉಳಿಯುತ್ತದೆ. ಒಟಿಪಿ, ಬ್ಯಾಂಕ್ ಮೆಸೇಜ್ ನಿಲ್ಲುವುದಿಲ್ಲ. 140ರಿಂದ ಶುರುವಾದರೆ ಮಾರಾಟದ ಕರೆ. 1600ರಿಂದ ಶುರುವಾದರೆ ಬ್ಯಾಂಕು, ವಿಮೆ, ಸರ್ಕಾರದ ಕಡೆಯಿಂದ ಸೇವೆಯ ಕರೆ, ಅದನ್ನು ಬ್ಲಾಕ್ ಮಾಡಬೇಡಿ.

ಡಿಎನ್‌ಡಿ ಹಾಕಿದರೆ ಎಲ್ಲಾ ನಿಲ್ಲುತ್ತದಾ? ಇಲ್ಲ ರೀ. ಮಾಮೂಲಿ ಹತ್ತು ಅಂಕಿ ನಂಬರಿನಿಂದ ಮಾಡುವ ಕಳ್ಳರು ಯಾವ ಪಟ್ಟಿಯನ್ನೂ ನೋಡುವುದಿಲ್ಲ. ಅವರ ಮೇಲೆ 1909ಕ್ಕೋ ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲೋ ದೂರು ಕೊಡಬಹುದು. ಮೊದಲು ಮೂರು ದಿನದೊಳಗೆ ಕೊಡಬೇಕಿತ್ತು, 2025ರ ತಿದ್ದುಪಡಿಯಲ್ಲಿ ಏಳು ದಿನ ಮಾಡಿದ್ದಾರೆ. ಬ್ಲಾಕ್ ಮಾಡಿದರೆ ನಿಮ್ಮೊಬ್ಬರ ಫೋನಿಗೆ ಬರುವುದು ನಿಲ್ಲುತ್ತದೆ, ದೂರು ಕೊಟ್ಟರೆ ಆ ನಂಬರಿನ ಮೇಲೇ ಕ್ರಮ ಆಗಬಹುದು. ಬ್ಲಾಕ್ ಮಾಡುವ ಮುಂಚೆ ದೂರು ಕೊಡಿ.

ಮತ್ತೆ ರಿಂಗ್ ಆಗುತ್ತಿದೆ, ಕೇಳುತ್ತಿದೆಯಾ? ಲೋನ್. ಈಗ ತಾನೇ ಮೆಸೇಜ್ ಕಳಿಸಿದ್ದು, ಅಷ್ಟು ಬೇಗ ಎಲ್ಲಿ ನಿಲ್ಲುತ್ತದೆ. ದೊಡ್ಡಪ್ಪ ‘ಆ ಆ್ಯಪೇ ಇರ್ಲಿ ಬಿಡು ಮಗ’ ಅನ್ನುತ್ತಿದ್ದಾರೆ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಸರಿ, ರಾಜಿ ಮಾಡಿಕೊಂಡೆವು. ಗೋಡೆಯ ಮೇಲಿರುವ ನಂಬರ್‌ಗಳನ್ನೆಲ್ಲ ಸೇವ್ ಮಾಡುತ್ತಿದ್ದೇವೆ. ಫೀಲ್ಡ್‌ಮನ್, ಮೇಸ್ತ್ರಿ, ಲಾರಿ, ಡೈರಿ, ಲೈನ್‌ಮನ್. ಆ್ಯಪ್ ಮಾತ್ರ ವಾಪಸ್ ಬರುವುದಿಲ್ಲ. ಮೇಸ್ತ್ರಿಗೆ ದೊಡ್ಡಪ್ಪನೇ ಫೋನ್ ಮಾಡಿದರು. ಈ ಸೋಮವಾರ ಗ್ಯಾಂಗ್ ಬರುತ್ತದಂತೆ. ಆಡಿಯೋ ಹಾಕುವುದಿಲ್ಲ, ಮೊದಲ ಎರಡು ನಿಮಿಷ ಬರೀ ಬೈಗುಳ.

ಆಟೋದವರು ಹಾರ್ನ್ ಹೊಡೆಯುತ್ತಿದ್ದಾರೆ, ಹೊರಡಬೇಕು. ನೀವೊಂದು ಕೆಲಸ ಮಾಡಿ. ಸ್ನೇಹಿತರ ಫೋನಿನಲ್ಲಿ ನಿಮ್ಮ ನಂಬರ್ ಬ್ಲಾಕ್ ಮಾಡಿಸಿ, ಕರೆ ಮಾಡಿ, ಏನು ಕೇಳಿಸಿತು ಅಂತ ಕಂಪನಿ ಹೆಸರಿನ ಜತೆ ಕಾಮೆಂಟ್ ಹಾಕಿ. ಆಮೇಲೆ ಅನ್‌ಬ್ಲಾಕ್ ಮಾಡಿಸೋದು ಮರೀಬೇಡಿ.