ಶೆಟ್ಟಿಹಳ್ಳಿಯಲ್ಲಿ ಫೋಟೋ ಆದ ಮೇಲೆ ಏನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ಶೆಟ್ಟಿಹಳ್ಳಿ ಚರ್ಚಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದವರು ಇಲ್ಲಿ ಯಾರಾದರೂ ಇದ್ದೀರಾ? ಹಾಸನದವರು ಅಂದ ಮೇಲೆ ಇರಲಿಕ್ಕಿಲ್ಲ ಬಿಡಿ.

ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ನಮಗೆ ಗೊತ್ತಿರುವುದು ಇಷ್ಟೇ. ಆದರೆ ಅದು ಪಾಳು ಬೀಳಲಿಕ್ಕೆ ಅಂತ ಕಟ್ಟಿದ್ದಲ್ಲ ಅಲ್ವಾ? 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅದು. ನೂರಕ್ಕೂ ಹೆಚ್ಚು ವರ್ಷ ಜನ ಅಲ್ಲಿ ನಾಮಕರಣ, ಮದುವೆ, ಸಾವಿನ ಪೂಜೆ ಎಲ್ಲ ನೋಡಿದ್ದಾರೆ. ಆಮೇಲೆ ಗೊರೂರಿನ ಹೇಮಾವತಿ ಅಣೆಕಟ್ಟೆ ಬಂತು, ಹಿನ್ನೀರು ಬಂತು, ಊರೇ ಎದ್ದು ಹೋಯಿತು.

ಮುಂದಿನ ಸಲ ಹೋದಾಗ ಮೊದಲು ಕಮಾನು ನೋಡಿ. ತುದಿ ಚೂಪಾಗಿರುತ್ತದೆ. ಸುಮ್ನೆ ಅಂದಕ್ಕಲ್ಲ. ಅರ್ಧವೃತ್ತದ ಕಮಾನು ಭಾರವನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ, ಚೂಪು ಕಮಾನು ಹೆಚ್ಚಿನದನ್ನು ಕೆಳಗೆ ಇಳಿಸುತ್ತದೆ. ಅದಕ್ಕೇ ಗಾಥಿಕ್ ಅನ್ನುವ ಈ ಯುರೋಪಿನ ಶೈಲಿಯ ಕಟ್ಟಡದಲ್ಲಿ ಕಿಟಕಿಗಳನ್ನು ಅಷ್ಟು ಎತ್ತರಕ್ಕೆ ತೆರೆಯಲು ಆಗುವುದು.

ಇನ್ನು ಬಲಿಪೀಠ, ಅಂದರೆ ಫಾದರ್ ಪೂಜೆ ಅರ್ಪಿಸುವ ಮೇಜು. ಹಳೆಯ ಪದ್ಧತಿಯಲ್ಲಿ ಅದು ತುದಿಯ ಗೋಡೆಗೆ ಅಂಟಿಕೊಂಡೇ ಇರುತ್ತಿತ್ತು, ಫಾದರ್ ಜನರಿಗೆ ಬೆನ್ನು ಕೊಟ್ಟು ಲ್ಯಾಟಿನ್‌ನಲ್ಲಿ ಪೂಜೆ ಮಾಡುತ್ತಿದ್ದರು. 1962ರಿಂದ 65ರವರೆಗೆ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಅವರು ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದ್ದು. ನಮ್ಮ ಹಾಸನವೂ ಸೇರುವ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದ್ದೂ ಅದೇ ಹೊತ್ತಿಗೆ, 1963ರಲ್ಲಿ.

ಈಗ ನನಗೆ ಇಷ್ಟವಾದ ವಿಷಯ, ಗಾರೆ. ಬೆಲ್ಲ, ಮೊಟ್ಟೆ ಹಾಕಿ ಕಟ್ಟಿದ್ದಾರಂತೆ ಅಂತ ಎಲ್ಲರೂ ಹೇಳುತ್ತಾರೆ, ಕೇಳಲಿಕ್ಕೂ ಚೆನ್ನಾಗಿದೆ. ಹಾಕಿದ್ದರೂ ಹಾಕಿರಬಹುದು, ಆದರೆ ದೊಡ್ಡ ಕೆಲಸ ಮಾಡುವುದು ಸುಣ್ಣ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಜೊತೆಗೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಸೇರಿಸಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಇನ್ನೊಂದು ಗುಣ, ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗೆ ಹೋದ ನೀರು ಆರಿ ಹೊರಗೆ ಬರುತ್ತದೆ.

ಸಿಮೆಂಟಿಗೆ ಆ ಬುದ್ಧಿ ಇಲ್ಲ. ನಮ್ಮೂರಿನ ಹಳೇ ಚರ್ಚಿನ ಗೋಡೆಗೆ, ಚೆನ್ನಾಗಿ ಕಾಣಲಿ ಅಂತ, ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಮೂರನೇ ಮಳೆಗಾಲಕ್ಕೆ ಗೋಡೆ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ದಿನ ಬಾಗಿಲಗಲ ಪ್ಲಾಸ್ಟರ್ ಚಕ್ಕೆ ಕಳಚಿ ಬಿತ್ತು, ಅದರ ಹಿಂಬದಿಗೆ ಇಟ್ಟಿಗೆಯ ಕೆಂಪು ಮುಖವೂ ಕಿತ್ತು ಅಂಟಿಕೊಂಡಿತ್ತು. ನೂರು ವರ್ಷ ತಡೆದ ಇಟ್ಟಿಗೆ ಅದು.

ಶೆಟ್ಟಿಹಳ್ಳಿಯನ್ನು ನೀರಿನಿಂದ ಎತ್ತಿ ತರಲು ನಮಗೆ ಆಗಲ್ಲ. ನಿಮ್ಮ ನಿಮ್ಮ ಧರ್ಮಕೇಂದ್ರದ ಗೋಡೆ ಕೈಗೆ ಸಿಗುವಷ್ಟು ದೂರದಲ್ಲೇ ಇದೆ, ಗಾರೆ ಕೆಲಸ ಗೊತ್ತಿರುವ ಅಜ್ಜಂದಿರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ನಮ್ಮೂರಲ್ಲಿ ಬಿದ್ದ ಜಾಗಕ್ಕೆ ಮತ್ತೆ ಸಿಮೆಂಟನ್ನೇ ಮೆತ್ತೋಣ ಅಂತಿದ್ದಾರೆ. ಭಾನುವಾರ ಪೂಜೆ ಮುಗಿದ ಮೇಲೆ ಮೀಟಿಂಗ್. ಆ ಚಕ್ಕೆಯ ಒಂದು ತುಂಡು ಎತ್ತಿಟ್ಟಿದ್ದೇನೆ, ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ.