ಖಡಕ್ ರೊಟ್ಟಿಗೆ ಹದಿನೈದು ದಿನ ರಜೆ

ನಮಸ್ಕಾರ್ರೀ. ಈ ಸಲದ ವಿಡಿಯೋದಲ್ಲಿ ನಾನು ಕ್ಯಾಮೆರಾ ಮುಂದೆ ನಿಂತು ಮಾತಾಡುವುದು ಎಲ್ಲೂ ಕಾಣುವುದಿಲ್ಲ. ಶೂಟ್ ಮಾಡಿದ ದಿನಗಳಲ್ಲಿ ನನ್ನ ಬಾಯಿ ಒಂದು ಬೆರಳು ಹೋಗುವಷ್ಟು ತೆರೆದರೆ ಅದೇ ಹೆಚ್ಚು. ಅದಕ್ಕೇ ಎಲ್ಲ ಮುಗಿದ ಮೇಲೆ, ಈಗ, ತಲೆಯ ಮೇಲೆ ಚಾದರ ಹೊದ್ದು ಧ್ವನಿ ಕೊಡುತ್ತಿದ್ದೇನೆ. ಪಕ್ಕದ ಮನೆಯ ಬೋರ್‌ವೆಲ್ ಮೋಟರ್ ಸದ್ದು ನಡುವೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ಕಾಣುತ್ತಿರುವುದು ಬಾಗಲಕೋಟೆಯ ನವನಗರ. ಬೆಳಗಿನ ಹೊತ್ತು. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋದಾಗ, ಸೆಕ್ಟರ್ ನಂಬರ್ ಹಾಕಿ ಕಟ್ಟಿದ ಊರು ಇದು. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಇವತ್ತಿಗೂ ಸೆಕ್ಟರ್ ನಂಬರ್ ನೆನಪಿರುವುದಿಲ್ಲ. "ಆ ಬೇವಿನ ಗಿಡದ ಸೆಕ್ಟರ್" ಅನ್ನುತ್ತಾಳೆ. ಎಲ್ಲ ಸೆಕ್ಟರ್‌ನಲ್ಲೂ ಬೇವಿನ ಗಿಡ ಇವೆ. ಬೈಕ್ ಓಡಿಸುತ್ತಿರುವವನು ನಮ್ಮ ಕಾಕಾನ ಮಗ, ಹಿಂದೆ ಕೂತು ಶೂಟ್ ಮಾಡುತ್ತಿರುವವನು ನಾನು. ಹೊರಟಿರುವುದು ಹಲ್ಲು ಕೀಳಿಸಲು.

ಕೀಳಿಸುವುದು ಅನ್ನುವುದು ನಮ್ಮ ಮನೆಯವರ ಮಾತು. ಚೀಟಿಯಲ್ಲಿ ಇದ್ದದ್ದು 'ಸರ್ಜಿಕಲ್ ರಿಮೂವಲ್'. ಎರಡೂ ಒಂದೇ ಅಂತ ಅವತ್ತು ಬೆಳಿಗ್ಗೆಯವರೆಗೂ ನಾನು ಅಂದುಕೊಂಡಿದ್ದೆ.

ನನಗೆ 26. ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25ರ ಒಳಗೆ ಬರುತ್ತದೆ. ನನಗೂ ಬಂದಿತ್ತು, ಆದರೆ ಅರ್ಧ. ಬಲಗಡೆ, ಕೆಳಗೆ, ಕಟ್ಟಕಡೆಯಲ್ಲಿ ಒಂದು ಮೂಲೆ ಮಾತ್ರ ಹೊರಗೆ ಇಣುಕಿತ್ತು. ಉಳಿದದ್ದರ ಮೇಲೆ ವಸಡು ಮುಚ್ಚಳದ ಹಾಗೆ ಕೂತಿತ್ತು. ಆ ಮುಚ್ಚಳದ ಕೆಳಗೆ ಏನು ಹೋದರೂ ವಾಪಸ್ ಬರುತ್ತಿರಲಿಲ್ಲ. ರೊಟ್ಟಿ ಚೂರು, ಶೇಂಗಾ ಚಟ್ನಿ, ಅಗಸಿ ಹಿಂಡಿ, ಎಲ್ಲದಕ್ಕೂ ಅಲ್ಲೇ ವಸತಿ. ವಸಡು ಬಾತುಕೊಳ್ಳುತ್ತಿತ್ತು. ನಾನು ಮೆಡಿಕಲ್ ಶಾಪಿಗೆ ಹೋಗಿ "ಹಲ್ಲುನೋವಿಗೆ ಎರಡು ಗುಳಿಗಿ ಕೊಡ್ರಿ" ಅನ್ನುತ್ತಿದ್ದೆ. ಎರಡು ದಿನಕ್ಕೆ ಇಳಿಯುತ್ತಿತ್ತು. ಹೀಗೆ ಮೂರು ಸಲ. ತಪ್ಪು ನಂದೇ, ಯಾರ ಮೇಲೂ ಹಾಕುವ ಹಾಗಿಲ್ಲ.

ಮೂರನೇ ಸಲದ್ದು ನಿಮಗೂ ನೆನಪಿರಬಹುದು. ಅಮೀನಗಡಕ್ಕೆ ಹೋಗಿ ಕರದಂಟಿನ ವಿಡಿಯೋ ಮಾಡಿದ್ದೆ ಅಲ್ವಾ? ಅದರಲ್ಲಿ ಕೊನೆಗೆ ನಾನು ಸುಮ್ನೆ ಗಲ್ಲ ಹಿಡಿದುಕೊಂಡು ನಗುತ್ತಿದ್ದೇನೆ. ರುಚಿಗೆ ಅಲ್ಲ ಅದು. ತುಪ್ಪದಲ್ಲಿ ಹುರಿದ ಅಂಟು ಸರಿಯಾಗಿ ಆ ಮುಚ್ಚಳದ ಕೆಳಗೆ ಹೋಗಿ ಕೂತಿತ್ತು. ರಾತ್ರಿ ಹೊತ್ತಿಗೆ ನುಂಗಲೂ ಕಷ್ಟ.

ಈ ಕಪ್ಪು ಬಿಳುಪು ಚಿತ್ರ ನನ್ನದೇ. ಓಪಿಜಿ ಅನ್ನುತ್ತಾರೆ. ಒಂದು ಕಡ್ಡಿ ಕಚ್ಚಿಸಿ ನಿಲ್ಲಿಸುತ್ತಾರೆ, ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಎರಡೂ ದವಡೆ ಒಂದೇ ಫಿಲ್ಮಿನಲ್ಲಿ. ಕೆಳಗೆ ಮೂಲೆಯಲ್ಲಿ ನೋಡಿ. ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ತಲೆಯಿಟ್ಟು ಮಲಗುವವರು ಇರುತ್ತಾರಲ್ಲ, ಹಾಗೆ ಮುಂದಿನ ಹಲ್ಲಿಗೆ ಒರಗಿದೆ. ಅದರ ಬೇರಿನ ಕೆಳಗೆ ಎರಡು ತೆಳ್ಳನೆ ಬಿಳಿ ಗೆರೆ ಕಾಣುತ್ತವೆಯಾ? ಅವುಗಳ ನಡುವೆ ನರ ಹೋಗುತ್ತದೆ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಕೊಡುವ ನರ. ಹಲ್ಲು ತೆಗೆಯುವಾಗ ಅದಕ್ಕೆ ಪೆಟ್ಟಾದರೆ ತುಟಿ ಜುಮ್ಮನ್ನುತ್ತಲೇ ಇರಬಹುದು. ಹೆಚ್ಚಾಗಿ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಹಾಗೇ ಉಳಿಯುತ್ತದೆ. ಇದನ್ನೆಲ್ಲ ನನ್ನ ಹಲ್ಲು ತೆಗೆಯುವ ಡಾಕ್ಟರ್ ಮೇಡಂ ಪೆನ್ನಿನ ತುದಿಯಿಂದ ತೋರಿಸಿ, ಆಮೇಲೆ ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. ಸಹಿ ನನ್ನದೇ ಆದರೂ ನನ್ನದರ ಹಾಗೆ ಕಾಣುವುದಿಲ್ಲ.

ನಮ್ಮ ಕಡೆ ಡೆಂಟಲ್ ಕಾಲೇಜಿಗೆ ಕೊರತೆ ಇಲ್ಲ. ಇಲ್ಲೇ ನವನಗರದಲ್ಲಿ ಪಿ.ಎಂ.ಎನ್.ಎಂ. ಇದೆ, ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆ.ಎಲ್.ಇ. ನಾನು ಎಲ್ಲಿಗೆ ಹೋದೆ ಅಂತ ಹೇಳುವುದಿಲ್ಲ. ಜಾಹೀರಾತು ಅಂತ ನೀವೇ ಕೆಳಗೆ ಬರೆಯುತ್ತೀರಿ.

ಹೊರಗೆ ಬೆಂಚಿನ ಮೇಲೆ ಒಂದು ತಾಸು ಕಾದೆವು. ಅಲ್ಲಿ ಕ್ಯಾಮೆರಾ ಆನ್ ಮಾಡಲಿಲ್ಲ, ಮಾಡಬಾರದು ಕೂಡ. ಆದರೆ ಕಂಡದ್ದನ್ನು ಹೇಳುತ್ತೇನೆ. ಹಲ್ಲಿನ ಡಾಕ್ಟರ್ ಅಂದರೆ ಹುಳುಕಿಗೆ ಸಿಮೆಂಟ್ ಹಾಕುವವರು ಅಂತಲೇ ನನಗೆ ಗೊತ್ತಿದ್ದದ್ದು. ನಮ್ಮ ಮೇಡಂ ಓರಲ್ ಸರ್ಜನ್, ಅದು ಬೇರೆ. ಬಿ.ಡಿ.ಎಸ್. 5 ವರ್ಷ ಓದಿ, ಮೇಲೆ ಎಂ.ಡಿ.ಎಸ್. 3 ವರ್ಷ ಮುಖ, ದವಡೆಯ ಶಸ್ತ್ರಚಿಕಿತ್ಸೆ ಕಲಿತವರು. ನನ್ನ ಎಡಕ್ಕೆ ಕೂತವನು ಬೈಕಿನಿಂದ ಬಿದ್ದು ಕೆಳದವಡೆ ಮುರಿದುಕೊಂಡಿದ್ದ. ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ಟಿದ್ದರು. ಬಾಯಿ ತೆರೆಯುವ ಹಾಗೇ ಇಲ್ಲ, ವಾರಗಟ್ಟಲೆ ಬರೀ ನೀರಿನಂಥ ಊಟ. ಅವನ ಹೆಂಡತಿ ಉಕ್ಕಿನ ಡಬ್ಬಿಯಲ್ಲಿ ಬೇಳೆ ತಿಳಿ ತಂದಿದ್ದಳು. ಇನ್ನೊಬ್ಬಳು ತಾಯಿ, ಸೀಳುತುಟಿಯ ಕೂಸನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಅದೂ ಇವರದೇ ಕೆಲಸ.

ಬಲಕ್ಕೆ ಒಬ್ಬ ಹುಡುಗ. ಇಪ್ಪತ್ತು ದಾಟಿರಲಿಕ್ಕಿಲ್ಲ. ಜೂನಿಯರ್ ಡಾಕ್ಟರ್ ಬಂದು "ನಿಮ್ಮ ಮೂರು ಬೆರಳು ನಿಲ್ಲಿಸಿ ಬಾಯಾಗ ಇಡ್ರಿ" ಅಂದರು. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಒಂದರ ಮೇಲೊಂದು ಅಡ್ಡಲಾಗಿ. ಆರೋಗ್ಯವಾಗಿರುವ ಬಾಯಿಗೆ ಮೂರೂ ಹಿಡಿಸುತ್ತವೆ. ಈಗಲೇ ಮಾಡಿ ನೋಡಿ. ಅವನಿಗೆ ಒಂದೇ ಹೋಯಿತು, ಅದೂ ಉಗುರಿನವರೆಗೆ. ಗುಟ್ಕಾ. ಅಡಿಕೆಯಿಂದ ಬಾಯೊಳಗಿನ ತೊಗಲಿನ ಕೆಳಗೆ ನಾರು ಬೆಳೆಯುತ್ತದೆ, ತೊಗಲು ಬಿಳಿಚಿ ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿ, ಬರಬರುತ್ತ ಬಾಯಿ ತೆರೆಯುವುದೇ ಇಲ್ಲ. ಕೆಲವರಿಗೆ ಅದು ಕ್ಯಾನ್ಸರ್‌ಗೂ ತಿರುಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಈಗ ಪಾನ್ ಮಸಾಲೆ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಂಡರೆ ಆಯಿತು. ನಿಷೇಧ ಅಷ್ಟಕ್ಕೇ ನಿಂತಿದೆ. ಆ ಹುಡುಗ ಬೆರಳನ್ನು ಚಡ್ಡಿಗೆ ಒರೆಸಿಕೊಂಡು ನನ್ನ ಕಡೆ ನೋಡಿ ಸಣ್ಣಗೆ ನಕ್ಕ.

ಒಳಗೆ ಕರೆದರು. ಕುರ್ಚಿ ಹಿಂದಕ್ಕೆ ಬಾಗಿತು. ಮುಖದ ಮೇಲೆ ಹಸಿರು ಬಟ್ಟೆ, ಬಾಯಿಗೆ ಮಾತ್ರ ತೂತು. ಬಾಯಿ ಜಡ ಮಾಡುವ ಇಂಜೆಕ್ಷನ್ ಹೆಸರು ಲಿಗ್ನೊಕೇನ್, ಜೊತೆಗೆ ಒಂದು ಚೂರು ಅಡ್ರಿನಲಿನ್. ರಕ್ತ ಕಡಿಮೆ ಬರಲಿ, ಜಡ ಜಾಸ್ತಿ ಹೊತ್ತು ಇರಲಿ ಅಂತ ಅದನ್ನು ಸೇರಿಸಿರುತ್ತಾರೆ. ಎದೆ ಸ್ವಲ್ಪ ಹೊತ್ತು ಡವಡವ ಅಂದಿದ್ದಕ್ಕೆ ಕಾರಣ ಅದೂ ಇರಬಹುದು, ನನ್ನ ಧೈರ್ಯವೂ ಇರಬಹುದು. ಆಮೇಲೆ ಓದಿದೆ, ನೋವಿಲ್ಲದೆ ಕೊಯ್ಯಬಹುದು ಅಂತ ಜಗತ್ತಿಗೆ ತೋರಿಸಿದವರೇ ಹಲ್ಲಿನ ಡಾಕ್ಟರುಗಳು. ಅಮೆರಿಕದ ಹೊರೇಸ್ ವೆಲ್ಸ್ 1844ರಲ್ಲಿ ನಗಿಸುವ ಗ್ಯಾಸ್ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ. ಅವನೂ ಹಲ್ಲಿನವನೇ. ಹಲ್ಲುನೋವು ತಿಂದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣುವುದಿಲ್ಲ.

"ತುಟಿ ದಪ್ಪ ಆದಂಗ ಅನಸ್ತೈತೇನ್ರಿ?" ಅಂತ ಕೇಳಿದರು ಮೇಡಂ. ಹೂಂ ಅಂದೆ. "ಇನ್ನ ಮ್ಯಾಲೆ ಒತ್ತಿದಂಗ, ಎಳದಂಗ ಆಗತೈತಿ. ನೋವು ಆಗಬಾರದು. ಆದ್ರ ಎಡಗೈ ಎತ್ತರಿ. ಬಲಗೈ ಎತ್ತಬ್ಯಾಡ್ರಿ, ಅಲ್ಲಿ ನಾ ಇರ್ತೀನಿ."

ವಸಡು ಕೊಯ್ದು ಬಿಡಿಸಿದರು. ಹಲ್ಲಿನ ಸುತ್ತಲಿನ ಎಲುಬನ್ನು ಬರ್ ಅನ್ನುವ ಸಣ್ಣ, ತಿರುಗುವ ಕೊರೆಮೊನೆಯಿಂದ ಕೊರೆದರು. ಕೊರೆಯುವಾಗ ಸಲೈನ್ ಸುರಿಯುತ್ತಲೇ ಇರುತ್ತಾರೆ. ಎಲುಬು ಕಾದರೆ ಸಾಯುತ್ತದಂತೆ. ಇಡೀ ಹಲ್ಲನ್ನು ಎಳೆದು ತೆಗೆಯಬೇಕಾದರೆ ಎಲುಬು ಜಾಸ್ತಿ ಕೊರೆಯಬೇಕು. ಅದರ ಬದಲು ಹಲ್ಲನ್ನೇ ಎರಡು ಹೋಳು ಮಾಡುತ್ತಾರೆ. ಬರ್‌ನಿಂದ ಅರ್ಧದವರೆಗೆ ಸೀಳಿ, ಸಂದಿಯಲ್ಲಿ ಎಲಿವೇಟರ್ ಅನ್ನುವ ಚಪ್ಪಟೆ ಮೊನೆಯ ಹತಾರ ಇಟ್ಟು, ಒಂದು ತಿರುವು.

ಕಟ್.

ಆ ಸದ್ದು ಕಿವಿಗೆ ಹೊರಗಿನಿಂದ ಬರಲಿಲ್ಲ, ಎಲುಬಿನೊಳಗಿಂದ ಬಂತು. ನೋವು ಒಂದಿಷ್ಟೂ ಇಲ್ಲ. ಆದರೆ ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಗೋಡೆಗೆ ಒರಗಿಸಿಟ್ಟ ಖಡಕ್ ರೊಟ್ಟಿಯನ್ನು ಆಯಿ ಮಂಡಿಯ ಮೇಲೆ ಇಟ್ಟು ಮುರಿದರೆ ಹೀಗೇ ಕೇಳುತ್ತದೆ. ಹಸಿರು ಬಟ್ಟೆಯ ಕೆಳಗೆ ನನಗೆ ನಗು ಬಂತು. "ಅಲುಗಾಡಬ್ಯಾಡ್ರಿ" ಅಂದರು.

ನಲವತ್ತು ನಿಮಿಷ. ಮೂರು ಹೊಲಿಗೆ, ಕಪ್ಪು ರೇಷ್ಮೆ ದಾರ. ಈ ಟ್ರೇಯಲ್ಲಿ ಇರುವುದೇ ಆ ಹಲ್ಲು, ಎರಡು ಹೋಳು. ಹತ್ತಿರದಿಂದ ತೋರಿಸಿದ್ದೇನೆ, ಹೊಟ್ಟೆ ತೊಳಸುವವರು ಐದು ಸೆಕೆಂಡ್ ಮುಂದೆ ಹೋಗಿ.

ಗಾಜ್ ಬಟ್ಟೆ ಮಡಿಚಿ ಇಟ್ಟು ಕಚ್ಚಿ ಹಿಡಿಯಲು ಹೇಳಿ, ಮೇಡಂ ಕೈಗವಸು ತೆಗೆಯುತ್ತಾ ಅಂದರು: "ನನ್ನ ಕೆಲಸ ಮುಗೀತ್ರಿ. ನಿಮ್ಮದು ಈಗ ಚಾಲೂ ಆತು. ಆ ಕುಣಿಯೊಳಗ ರಕ್ತ ಹೆಪ್ಪುಗಟ್ಟತೈತಿ. ಅದು ಹೋಗದಂಗ ನೋಡ್ಕೊಳ್ರಿ, ಉಳಿದದ್ದನ್ನ ಮೈಯಽ ಮಾಡ್ಕೊಂತೈತಿ." ಉಗುಳಬಾರದು. ಜೋರಾಗಿ ಮುಕ್ಕಳಿಸಬಾರದು. ಬಿಸಿ ಬೇಡ. ಬೀಡಿ ಸಿಗರೇಟ್ ಮುಟ್ಟಲೇಬಾರದು. ಸ್ಟ್ರಾ ಹಾಕಿ ಏನೂ ಕುಡಿಯಬಾರದು. ಮೊದಲ ದಿನ ಗಲ್ಲದ ಮೇಲೆ ಐಸ್, ಒಂದಿಷ್ಟು ಹೊತ್ತು ಇಡುವುದು, ತೆಗೆಯುವುದು. ಜಡ ಇಳಿಯುವ ಮೊದಲೇ ನೋವಿನ ಮೊದಲ ಗುಳಿಗೆ. ಇದೊಂದು ಬಹಳ ಒಳ್ಳೆಯ ಮಾತು, ನೋವು ಬಂದ ಮೇಲೆ ಅದರ ಹಿಂದೆ ಓಡುವುದಕ್ಕಿಂತ ಸುಲಭ.

ಮನೆಗೆ ಬಂದರೆ ಆಯಿ ಬಿಸಿ ಉಪ್ಪುನೀರು ಕಾಸಿ ಕೂತಿದ್ದಳು. ಮುಕ್ಕಳಿಸಿ ಉಗುಳು ಅಂತ. ಇವತ್ತು ಬೇಡ, ನಾಳೆಯಿಂದ, ಅದೂ ಉಗುರುಬೆಚ್ಚಗೆ ಅಂತ ಕೈಸನ್ನೆಯಲ್ಲಿ ಹೇಳಿದೆ. "ಹಂಗಾರ ರಕ್ತ ನುಂಗತೀಯೇನೋ? ಯಾವ ಶಾಣ್ಯಾ ಹೇಳ್ಯಾನ ನಿನಗ?" ಹೇಳಿದ್ದು ಶಾಣ್ಯಾ ಅಲ್ಲ, ಶಾಣ್ಯಾಕಿ. ಆದರೆ ಅದನ್ನು ಹೇಳಲು ತುಟಿ ಇರಲಿಲ್ಲ. ಆಯಿ ಲವಂಗದ ಡಬ್ಬಿಯನ್ನೂ ತಂದಳು. ಬೇಡ ಅಂದೆ. ಸಿಟ್ಟಿನಿಂದ ಒಳಗೆ ಹೋದಳು.

ಮೊದಲ ದಿನ ಐಸ್‌ಕ್ರೀಮ್, ಮೊಸರು, ತಣ್ಣಗಿನ ಜೋಳದ ಅಂಬಲಿ. ಎರಡನೇ ದಿನ ಅವ್ವ ಸಜ್ಜಕ ಮಾಡಿದಳು, ಆರಿಸಿ ಕೊಟ್ಟಳು. ಬಾವು ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಜಾಸ್ತಿ ಇರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಹೆದರುತ್ತಾರಂತೆ. ಈ ಫೋಟೋ ಮೂರನೇ ದಿನದ್ದು. ಕಾಕಾನ ಮಗ ಬಾಗಿಲಲ್ಲೇ ನಿಂತು "ಲೇ, ಗೋಲಗುಮ್ಮಟ ನೋಡಾಕ ವಿಜಾಪುರಕ್ಕ ಯಾಕ್ ಹೋಗಬೇಕೋ" ಅಂದ. ನಗಲೂ ಆಗುವುದಿಲ್ಲ, ಹೊಡೆಯಲೂ ಆಗುವುದಿಲ್ಲ.

ಅವನೇ ಎಳನೀರು ತಂದಿದ್ದ. ಎರಡನೇ ದಿನ. ಬಾಯಿ ತೆರೆಯುವುದಿಲ್ಲವಲ್ಲ, ಲೋಟ ಎತ್ತಿ ಕುಡಿದರೆ ಅಂಗಿ ಮೇಲೆ ಚೆಲ್ಲುತ್ತದೆ. ಅವನು ಸ್ಟ್ರಾ ಚುಚ್ಚಿ ಕೊಟ್ಟ. ನಾನು ಯೋಚನೆಯೇ ಮಾಡದೆ ಎಳೆದೆ. ಕೊನೆಯ ಗುಟುಕಿನ ಸುರ್ ಅನ್ನುವ ಸದ್ದಿಗೆ ನೆನಪಾಯಿತು.

ನಾಲ್ಕನೇ ದಿನ ಬೆಳಗಿನ ಜಾವ ಎಚ್ಚರವಾಯಿತು. ಕಡಿಮೆಯಾಗುತ್ತಿದ್ದ ನೋವು ತಿರುಗಿ ಬಂದಿತ್ತು, ಈ ಸಲ ಬೇರೆ ಜಾತಿಯದು. ದವಡೆಯಿಂದ ಕಿವಿಯವರೆಗೆ ಒಳಗೇ ಯಾರೋ ತಿರುಪಿದ ಹಾಗೆ. ಬಾಯಲ್ಲಿ ಕೆಟ್ಟ ರುಚಿ. ಗುಳಿಗೆ ನುಂಗಿದರೂ ಅಲುಗಲಿಲ್ಲ. ಡ್ರೈ ಸಾಕೆಟ್ ಅಂದರೆ ಇದೇ. ಹೆಪ್ಪು ಕರಗಿಯೋ ಕಿತ್ತೋ ಹೋಗಿ ಎಲುಬು ಬತ್ತಲೆ ಉಳಿದಿರುತ್ತದೆ. ಕೆಳಗಿನ ಬುದ್ಧಿ ಹಲ್ಲಿಗೆ ಇದು ಉಳಿದ ಹಲ್ಲುಗಳಿಗಿಂತ ಜಾಸ್ತಿ. ಮೇಡಂ ಮುಂದೆ ಸ್ಟ್ರಾ ವಿಷಯ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಸ್ಟ್ರಾದಿಂದಲೇ ಆಯಿತು ಅಂತ ಹೇಳಲು ಬರುವುದಿಲ್ಲ, ಎಲ್ಲ ಸರಿಯಾಗಿ ಪಾಲಿಸಿದವರಿಗೂ ಆಗುತ್ತದೆ ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಸಲೈನ್‌ನಿಂದ ಕುಣಿ ತೊಳೆದು, ಔಷಧಿ ಹಚ್ಚಿದ ಸಣ್ಣ ಪಟ್ಟಿ ಒಳಗಿಟ್ಟರು. ಅರ್ಧ ತಾಸಿನೊಳಗೆ ನೋವು ಇಳಿಯತೊಡಗಿತು. ಮನೆಗೆ ಬಂದು ಮಂಚದ ಮೇಲೆ ಬಿದ್ದೆ. ಆಯಿ ಹತ್ತಿರ ಬಂದು ಮೂಗು ಎಳೆದಳು. "ಏನೋ ಇದು ವಾಸನಿ?"

ಆ ಪಟ್ಟಿಯಲ್ಲಿ ಇದ್ದದ್ದು ಯೂಜಿನಾಲ್. ಲವಂಗದ ಎಣ್ಣೆಯ ಮುಖ್ಯ ಸತ್ವ ಅದು.

ಮುಂದಿನದನ್ನು ನಿಮಗೆ ಬಿಟ್ಟಿದ್ದೇನೆ, ಊಹಿಸಿಕೊಳ್ಳಿ. ಓಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಮೇಡಂ ಹೇಳಿದ ಮಾತನ್ನೂ ನಾನು ಹೇಳಿದೆ: ಹಸಿ ಗಾಯಕ್ಕೆ ನೇರವಾಗಿ ಲವಂಗದ ಎಣ್ಣೆ ಹಾಕಿದರೆ ಸುಡುತ್ತದೆ, ಇದು ಅಳತೆ ಮಾಡಿ ಇಡುವಂಥದ್ದು, ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು. "ಅಳತಿ ನಮಗ ಗೊತ್ತಿಲ್ಲನು?" ಅಂದಳು. ನಾನು ಸುಮ್ಮನಾದೆ.

ಏಳನೇ ದಿನ ಹೊಲಿಗೆ ಬಿಚ್ಚಿದರು. ಕತ್ತರಿ ಮೂರು ಸಲ ಚಿಕ್ ಅಂದಿತು, ಅಷ್ಟೇ. ಆದರೆ ಬಾಯಿ ಒಂದೂವರೆ ಬೆರಳಿಗೆ ನಿಂತಿತ್ತು. ದಿನಕ್ಕೆ ನಾಲ್ಕೈದು ಸಲ ಕನ್ನಡಿ ಮುಂದೆ ನಿಂತು ಬೆರಳಿಟ್ಟು ಮೆಲ್ಲಗೆ ಹಿಗ್ಗಿಸುವುದು. ಒಂಬತ್ತನೇ ದಿನ ಎರಡು. ಹನ್ನೆರಡಕ್ಕೆ ಎರಡೂವರೆ. ಬೆಂಚಿನ ಮೇಲೆ ಬಲಕ್ಕೆ ಕೂತಿದ್ದ ಹುಡುಗ ಆಗಾಗ ನೆನಪಾಗುತ್ತಿದ್ದ. ನನ್ನ ಬೆರಳು ಏರುತ್ತಿತ್ತು.

ಇದು ಹದಿನಾರನೇ ದಿನ. ಅಡುಗೆಮನೆ. ತಟ್ಟೆಯಲ್ಲಿ ಹೆಸರುಕಾಳು ಪಲ್ಯ, ಮೊಸರು, ಶೇಂಗಾ ಚಟ್ನಿ. ಆಯಿ ರೊಟ್ಟಿ ಮುರಿಯುತ್ತಿದ್ದಾಳೆ, ಸೌಂಡ್ ಜಾಸ್ತಿ ಮಾಡಿ ಕೇಳಿ. ನಾನು ಎಡಗಡೆಯಿಂದ ಅಗಿಯುತ್ತಿದ್ದೇನೆ. ಬಲಗಡೆ ಕುಣಿ ಇನ್ನೂ ಇದೆ. ಮೇಲೆ ವಸಡು ಮುಚ್ಚಲು ಕೆಲವು ವಾರ, ಒಳಗೆ ಎಲುಬು ತುಂಬಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಡೊಂಕು ಮೊನೆಯ ಒಂದು ಪ್ಲಾಸ್ಟಿಕ್ ಸಿರಿಂಜ್ ಕೊಟ್ಟಿದ್ದಾರೆ, ಊಟ ಆದ ಮೇಲೆ ನೀರು ಹೊಡೆದು ತೊಳೆಯಲು.

ಇಲ್ಲಿ ನಾನು ಇದ್ದಕ್ಕಿದ್ದಂತೆ ಅಗಿಯುವುದು ನಿಲ್ಲಿಸಿ ಸುತ್ತ ನೋಡುತ್ತಿದ್ದೇನಲ್ಲ, ಹುಡುಕುತ್ತಿರುವುದು ಅದನ್ನೇ. ಆಯಿ ಅದರಲ್ಲಿ ತುಳಸಿ ಗಿಡಕ್ಕೆ ನೀರು ಹಾಕುತ್ತಿದ್ದಳು.